ಚುಕ್ಕಿಯ ಬಳಿಕ

ಬದಿಯಡ್ಕ ಪೇಟೆಯಲ್ಲಿ, ಮದ್ದಿನಂಗಡಿಯ ಮೇಲಿನ ಮಾಳಿಗೆಯಲ್ಲಿ
ನನ್ನದೊಂದು ಕಂಪ್ಯೂಟರು, ಕೆಮ್ಮುವ ಪ್ರಿಂಟರು,
ಕರೆಂಟು ಹೋದರೆ ಏಳು ನಿಮಿಷ
ಉಸಿರು ಬಿಗಿಹಿಡಿಯುವ ಬ್ಯಾಟರಿ.
ಯಾವುದೂ ಹೊಸತಲ್ಲ. ಮನೆಗಳ ನಕ್ಷೆ ಬರೆಯುತ್ತಿದ್ದ ಸಜೇಶನ್
ಪಯ್ಯನ್ನೂರಿಗೆ ಹೊರಟಾಗ ಅರ್ಧ ಕ್ರಯಕ್ಕೆ ಕೊಟ್ಟದ್ದು.
ಒಳಗಿನ ಫೈಲುಗಳನ್ನು ಅಳಿಸಲು ಅವನಿಗೆ ಪುರುಸೊತ್ತಿರಲಿಲ್ಲ,
ನನಗೆ ಧೈರ್ಯವಿರಲಿಲ್ಲ.

ಇವತ್ತು ಮಧ್ಯಾಹ್ನ ಮಿಸ್ರಿಯಾ ಬಂದಳು, ಮುಷ್ಟಿಯಲ್ಲಿ ಪೆನ್‌ಡ್ರೈವು,
ಉಗುರಿನ ಸಂದಿಯಲ್ಲಿ ಜರಿಯ ನೂಲು.
"ಇದರಲ್ಲಿ ಹೂ ಉಂಟು. ಮದುಮಗಳ ತೋಳಿಗೆ.
ಮಿಷನ್ ಮುಟ್ಟುವುದೇ ಇಲ್ಲ. ಹಾಳಾಗಿದೆಯಾ, ನೋಡು ಮಾರಾಯ್ತಿ."

ಚುಚ್ಚಿ ನೋಡಿದರೆ ಹೂವಿಲ್ಲ.
ಒಂದರ ಮೇಲೊಂದು ಒಟ್ಟಿದ ನೀಲಿ ಹಾಳೆಗಳ ಪುಟ್ಟ ಚಿತ್ರ,
ಕೆಳಗೆ ಹೆಸರು:
ಮಲ್ಲಿಗೆಬಳ್ಳಿ ಎಡತೋಳು, ಚುಕ್ಕಿ, ಡಿಎಸ್‌ಟಿ.
"ಇದು ಮನೆಯ ನಕ್ಷೆ," ಎಂದೆ.
"ಮನೆಯಾ? ನನ್ನ ಪೆನ್‌ಡ್ರೈವಿನಲ್ಲಾ?" ನಕ್ಕಳು.
"ಹತ್ತು ವರ್ಷದಿಂದ ಬಾಡಿಗೆ ಕಟ್ಟುತ್ತಿದ್ದೇನೆ. ಪ್ರಿಂಟ್ ಹಾಕು, ನೋಡುವಾ."

ಎರಡು ಸಲ ಒತ್ತಿದೆ. ಸಜೇಶನನ ತಂತ್ರಾಂಶ
ತೂಕಡಿಕೆಯ ಕಾವಲುಗಾರನ ಹಾಗೆ ಎದ್ದಿತು,
ಬಳ್ಳಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿತು,
ಇದು ನಮ್ಮದಲ್ಲ ಎಂದಿತು, ಮತ್ತೆ ಮಲಗಿತು.

ಚಿತ್ರ ಫೈಲಿನದ್ದಲ್ಲ ಎಂದು ಹೊಳೆಯಲು ಹೊತ್ತು ಹಿಡಿಯಿತು.
ಒಳಗೆ ಇಣುಕದೆ, ಚುಕ್ಕಿಯ ಬಳಿಕದ ಮೂರಕ್ಷರ ಓದಿ
ಯಂತ್ರ ಇಟ್ಟ ಬೊಟ್ಟು ಅದು.
ಯಾವುದೋ ಊರಲ್ಲಿ ಕಸೂತಿಯವರು ಆ ಮೂರನ್ನು ಆರಿಸಿಕೊಂಡರು,
ಇನ್ಯಾವುದೋ ಊರಲ್ಲಿ ನಕ್ಷೆಯವರು ಅದನ್ನೇ.
ಒಬ್ಬರನ್ನೊಬ್ಬರು ಕೇಳಬೇಕೆಂದು ಯಾರಿಗನಿಸುತ್ತದೆ?
ಇಪ್ಪತ್ತಾರು ಅಕ್ಷರ ಎಷ್ಟು ಮಂದಿಗೆ ಸಾಲುತ್ತದೆ?

ಈ ಊರಲ್ಲಿ ನಮ್ಮ ಹೆಸರಿಗೂ ಬಾಲದಲ್ಲೇ ಚುಕ್ಕಿ.
ವಾರಿಜಾಕ್ಷಿ. ಕೆ.
ಪುತ್ತೂರಿನ ಚಿಕ್ಕಮ್ಮನ ಮಕ್ಕಳಿಗೆ ಅಕ್ಷರ ಮುಂದೆ ನಡೆಯುತ್ತದೆ,
ನಮ್ಮದು ಹಿಂದಿನಿಂದ ಕೊಡೆ ಹಿಡಿದುಕೊಂಡು ಬರುತ್ತದೆ.
ಏಳನೇ ಕ್ಲಾಸಿನಲ್ಲಿ ನಾವು ಐದು ಜನ ಕೆ.
ಒಬ್ಬಳಿಗದು ತರವಾಡು, ಒಬ್ಬನಿಗೆ ಗುಡ್ಡದ ಹೆಸರು,
ಸುಗಂಧಿಯದ್ದು ಏನೆಂದು ಅವಳ ಅಮ್ಮನಿಗೂ ಗೊತ್ತಿರಲಿಲ್ಲ.
ನನ್ನದು ಅಪ್ಪ, ಕಿಂಞಣ್ಣ.

ವಿಲ್ಲೇಜ್ ಆಫೀಸಿನ ಹೊಸ ಗುಮಾಸ್ತ, ತಿರುವಲ್ಲದವ, ಸಾಧು ಮನುಷ್ಯ,
ಕೆ ಎಂದರೆ ಕಿಳಕ್ಕೇವೀಡು ಎಂದು ತಾನೇ ತುಂಬಿಸಿದ.
ಮೂಡುದಿಕ್ಕಿನ ಮನೆ.
ನನ್ನ ಕನ್ನಡ ಅರ್ಜಿಯನ್ನು ಅತ್ತಿತ್ತ ತಿರುಗಿಸಿ
ಮಲಯಾಳದಲ್ಲಿ ಕ್ಷೇಮ ವಿಚಾರಿಸಿದ.
ನಾನೂ ಅದರಲ್ಲೇ ಉತ್ತರಿಸಿದೆ, ತಪ್ಪಿಲ್ಲದೆ.
ಹಾಗಾಗಿ ಈಗ ದಾಖಲೆಯಲ್ಲಿ ನಮ್ಮಪ್ಪ ಒಂದು ಮನೆ,
ಪೂರ್ವಕ್ಕೆ ಮುಖ ಮಾಡಿ ನಿಂತಿದ್ದಾನೆ.

ಮಿಸ್ರಿಯಾಳ ಮೊಬೈಲಿನ ನೆಟ್ಟಿನಲ್ಲಿ, ಕಸೂತಿ ತೋರಿಸುವ
ಬಿಟ್ಟಿ ತಂತ್ರಾಂಶವೊಂದನ್ನು ಇಳಿಸಿಕೊಂಡೆವು.
ಬಲಗಡೆ ಒತ್ತಿ, ಇದರಿಂದ ತೆರೆ ಎಂದೆ.
ಪರದೆಯ ಮೇಲೆ ಹೊಲಿಗೆ ಹೊಲಿಗೆಯಾಗಿ ಬಳ್ಳಿ ಹತ್ತಿತು,
ಮೊದಲು ದಂಟು, ಆಮೇಲೆ ಎಲೆ, ಕೊನೆಗೆ ಮೊಗ್ಗು.
ಮೂಲೆಯಲ್ಲಿದ್ದ ಅಳತೆಯನ್ನು ಬೆರಳಿಟ್ಟು ಓದಿದಳು.
"ಹೂವಿನದ್ದು ತಪ್ಪಿಲ್ಲ. ನನ್ನ ಫ್ರೇಮೇ ಸಣ್ಣದು, ಎರಡು ನೂಲಿನಷ್ಟು."
ಇಪ್ಪತ್ತು ರೂಪಾಯಿ ಇಟ್ಟು ಮೆಟ್ಟಿಲಿಳಿದಳು.

ಇನ್ನು ಮುಂದೆ ಎಲ್ಲವನ್ನೂ ಹೀಗೇ ತೆರೆಯಲೇ?
ನಡುವೆ ಒಂದು ಸಲ ಕಂಪ್ಯೂಟರು ಕೇಳಿತ್ತು.
ಗಡಿಬಿಡಿಯಲ್ಲಿ ಹೂಂ ಎಂದಿದ್ದೆ.

ಸಂಜೆ ಬಾಗಿಲು ಎಳೆಯುವ ಮುಂಚೆ ನೋಡುತ್ತೇನೆ,
ಸಜೇಶನನ ಹಳೆಯ ಫೋಲ್ಡರಿನಲ್ಲಿ
ನೀರ್ಚಾಲಿನ ಟೀಚರ ಮನೆ, ಮುಳ್ಳೇರಿಯದ ಎರಡು ಮಾಳಿಗೆ,
ಪೆರ್ಲದಲ್ಲಿ ಅರ್ಧಕ್ಕೆ ನಿಂತ ಮದ್ರಸದ ಅಡುಗೆಕೋಣೆ,
ಎಲ್ಲಕ್ಕೂ ಈಗ ಒಂದೇ ಚಿತ್ರ: ಸೂಜಿ, ಕೆಂಪು ದಾರ.
ಟೀಚರ ತಾರಸಿಯಲ್ಲಿ ಈ ಹೊತ್ತಿಗೆ ಬಟ್ಟೆ ಒಣಗುತ್ತಿರಬಹುದು.
ಆ ಮನೆಗೇನು ಗೊತ್ತು.

ಸರಿ ಮಾಡಬೇಕು.
ಇವತ್ತು ಬೇಡ.